ಸದಾಶಿವಪ್ಪನ ಎರಡು ಹಲಗೆ

ನನ್ನ ಸೋದರತ್ತೆ ಗುರುಬಸಮ್ಮನ ಗಂಡನನ್ನು ಧನಗೆರೆಯವರು ಬೆನ್ನ ಹಿಂದೆ ‘ಹಲಗೆ ಸದಾಶಿವಪ್ಪ’ ಅನ್ನುತ್ತಿದ್ದರು. ಅದು ಮಾವನಿಗೂ ಗೊತ್ತಿತ್ತು, ಬೇಜಾರಿರಲಿಲ್ಲ. ಬೇಜಾರು ನನಗಿತ್ತು, ಈಗಲೂ ಇದೆ.

ಅರವತ್ತೆರಡನೇ ಇಸವಿಯ ಸುಗ್ಗಿಯಲ್ಲಿ ಅತ್ತೆ ಹುಲ್ಲಿನ ಮೆದೆಯಿಂದ ಬಿದ್ದಳು. ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ಎರಡು ವರ್ಷ ಮಂಚವೇ ಗತಿಯಾದ ಮೇಲೆ ಕೊಳ್ಳೇಗಾಲದ ಡಾಕ್ಟರೊಬ್ಬರು ಯಾರ್ಯಾರನ್ನೋ ಕೇಳಿ ಒಂದು ಗಾಲಿ ಕುರ್ಚಿ ಕೊಡಿಸಿದರು. ಕುರ್ಚಿಯೇನೋ ಬಂತು. ಆದರೆ ಬಾಗಿಲಾಚೆ ಬೀದಿಗಿಳಿಯಲು ಕಡಿದಾದ ಮೆಟ್ಟಿಲು. ಕುರ್ಚಿಯಲ್ಲಿ ಕೂತ ಅತ್ತೆ ಹೊಸಿಲ ತನಕ ಬರುವುದು, ಬೀದಿ ನೋಡುವುದು, ಹಿಂದಕ್ಕೆ ಹೋಗುವುದು.

ಮಾವ ಮೊದಲು ಮಾವಿನ ಮರದ್ದೊಂದು ಅಗಲ ಹಲಗೆ ಹಾಕಿಸಿದರು. ಗಿಡ್ಡ ಹಲಗೆ, ಜಾರುಬಂಡೆಯಂತೆ ಇಳಿಜಾರು. ಕುರ್ಚಿ ಕೈತಪ್ಪಿ ಅತ್ತೆಯ ಗಲ್ಲ ಒಡೆಯಿತು. ಒಂದೇ ಮಳೆಗಾಲಕ್ಕೆ ಆ ಹಲಗೆ ಸೊಟ್ಟಗೂ ಆಯಿತು. ಅದನ್ನು ಒಲೆಗೆ ಹಾಕಿ, ತೇಗದ ಎರಡು ಉದ್ದನೆಯ ಕಿರು ಹಲಗೆ ಮಾಡಿಸಿದರು. ಒಂದೊಂದು ಗಾಲಿಗೆ ಒಂದೊಂದು. ನಡುವೆ ಮೆಟ್ಟಿಲ ಮೇಲೆ ಕಾಲಿಟ್ಟು ತಾವು ಕುರ್ಚಿ ಹಿಡಿದು ಇಳಿಯಬಹುದು. ಗಾಲಿ ಪಕ್ಕಕ್ಕೆ ಸರಿಯದಂತೆ ಅಂಚಿಗೆ ಪಟ್ಟಿ, ಜಾರದಂತೆ ಅಡ್ಡಡ್ಡಕ್ಕೆ ತೆಂಗಿನ ನಾರಿನ ಹಗ್ಗ. ಅತ್ತೆಯನ್ನು ಕೂರಿಸುವ ಮೊದಲು ಅದೇ ಕುರ್ಚಿಯಲ್ಲಿ ತಾವು ಕೂತು, ತಮ್ಮನಾದ ಚಿಕ್ಕಮಾದಪ್ಪನಿಂದ ತಳ್ಳಿಸಿಕೊಂಡು ನೋಡಿದರು. ಊರೆಲ್ಲ ನಕ್ಕಿತು.

ಮಾವನ ತಾಯಿ ಶಂಕರಮ್ಮ ಮಾತ್ರ ನಗಲಿಲ್ಲ. ದಿನಾ ಅರಿಸಿನ ಕುಂಕುಮ ಇಟ್ಟು ಕೈಮುಗಿಯುವ ಹೊಸಿಲ ಮೇಲೆ ಗಾಲಿ ಹರಿದರೆ ಮನೆ ಉಳಿಯುತ್ತದೆಯೇ ಎಂದು ಊಟ ಬಿಟ್ಟು ಕೂತರು. ಹಲಗೆಗಳು ಹೊಸಿಲಿಗೆ ತಾಕದಂತೆ ಮಾವ ಅಡಿಯಲ್ಲಿ ಮರದ ತುಂಡು ಹೊಡೆಸಿದರು. ಅತ್ತೆ ದಾಟಿದ ಕೂಡಲೇ ಎತ್ತಿ ಗೋಡೆಗೆ ಒರಗಿಸುವುದಾಗಿ ಮಾತು ಕೊಟ್ಟರು. ಹಾಗಾಗಿ ದಿನವೂ ಹಾಕುವುದು, ತೆಗೆಯುವುದು. ಅತ್ತೆ ಒಳಗಿನಿಂದ ‘ಏನಂದ್ರೆ’ ಅಂದರೆ ಸಾಕು, ಕೊಟ್ಟಿಗೆಯಲ್ಲಿರಲಿ ಹಿತ್ತಲಲ್ಲಿರಲಿ, ಮಾವ ಕೈ ಒರೆಸಿಕೊಳ್ಳುತ್ತಾ ಬರುತ್ತಿದ್ದರು. ನೆಂಟರ ಮನೆಗೂ, ಕೊಳ್ಳೇಗಾಲದ ಟೆಂಟ್ ಸಿನಿಮಾಕ್ಕೂ ಎತ್ತಿನ ಗಾಡಿಯಲ್ಲಿ ಅತ್ತೆಯ ಜೊತೆ ಹಲಗೆಗಳೂ ಹೋಗುತ್ತಿದ್ದವು. ಒಮ್ಮೆ ಬೆಲ್ಲದ ಮೂಟೆ ಏರಿಸಲು ಚಿಕ್ಕಮಾದಪ್ಪ ಅವನ್ನು ಕೇಳಿದ. ಮಾವ ಕೊಡಲಿಲ್ಲ. ಅಣ್ಣತಮ್ಮಂದಿರು ಸುಮಾರು ದಿನ ಮಾತು ಬಿಟ್ಟಿದ್ದರು.

ಮಳೆ ನಿಂತ ಮೇಲೆ ಹಲಗೆಗಳನ್ನು ನೆರಳಲ್ಲಿ ಆರಿಸಿ, ಸಡಿಲಾದ ಮೊಳೆ ಬಡಿದು, ಗೆದ್ದಲು ಹಿಡಿಯದಂತೆ ಹೊಂಗೆ ಎಣ್ಣೆ ಬಳಿಯುವುದು ಮಾವನ ಕೆಲಸ. ನಾನು ಮದುವೆಯಾಗಿ ಹನೂರಿಗೆ ಹೋದ ಮೇಲೆ, ಒಂದು ದೀಪಾವಳಿಗೆ ಬಂದಾಗಲೂ ಎಣ್ಣೆ ಬಳಿಯುತ್ತಾ ಕೂತಿದ್ದರು. ಅತ್ತೆಯ ಕಡೆ ನೋಡಿ ನಗುತ್ತಾ ಅಂದರು, “ನಾ ಮುಂದಾಗಿ ಓದ್ರೆ ನೀ ಮಣ್ಗೆ ಬರ್ಬೇಕು ಕಣೆ. ಅಲಗೆ ಗಟ್ಟಿಯಾಗದೆ.” ಅತ್ತೆ ಬೈದಳು. ಆಮೇಲೆ ನನ್ನ ಹತ್ತಿರ ಮೆಲ್ಲಗೆ, ಹಾಗೇನಾದರೂ ಆದರೆ ತಾನು ಹೋಗಿಯೇ ಹೋಗುತ್ತೇನೆ, ಕೊನೆಯ ಹಿಡಿ ಮಣ್ಣು ತಾನೇ ಹಾಕಬೇಕು ಅಂದಳು.

ಎಪ್ಪತ್ಮೂರರಲ್ಲಿ ಮಾವ ಕೊಟ್ಟಿಗೆಯಲ್ಲಿ ಎದೆ ಹಿಡಿದುಕೊಂಡು ಕುಸಿದರು, ಮತ್ತೆ ಏಳಲಿಲ್ಲ. ಸುದ್ದಿ ಮಾರನೇ ದಿನ ಹನೂರಿಗೆ ಬಂತು. ಹಾಳು ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ನಾನು ಧನಗೆರೆಯಲ್ಲಿ ಇಳಿದಾಗ ಜಾಗಟೆ ಸದ್ದು ದೂರದ ಹೊಲದ ಕಡೆಯಿಂದ ಬರುತ್ತಿತ್ತು, ಬೀದಿಯಲ್ಲಿ ಒಬ್ಬರೂ ಇರಲಿಲ್ಲ.

ಬಾಗಿಲು ತೆರೆದೇ ಇತ್ತು. ಹೊಸಿಲೊಳಗೆ ಅತ್ತೆ ಕುರ್ಚಿಯಲ್ಲಿ ಕೂತಿದ್ದಳು.

ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಒಯ್ಯುತ್ತಾರೆ, ಕೂರಿಸಿಯೇ ಮಣ್ಣು ಮಾಡುತ್ತಾರೆ. ಮಾವನನ್ನು ಕುರ್ಜು ಎನ್ನುವ ಬಿದಿರಿನ ಚಟ್ಟದಲ್ಲಿ ಕೂರಿಸಿ ಎತ್ತುವಾಗ, ಕಾಲಿಗೆ ಎಡವೀತೆಂದು ಯಾರೋ ಬಾಗಿಲ ಬಳಿಯಿದ್ದ ಹಲಗೆಗಳನ್ನು ತೆಗೆದು ಎದುರು ಮನೆಯ ಗೋಡೆಗೆ ಒರಗಿಸಿದ್ದರು. ಅತ್ತೆಯನ್ನು ಅವರು ತರುತ್ತಾರೆಂದು ಇವರು, ಇವರು ತರುತ್ತಾರೆಂದು ಅವರು. ಕಾಲಿದ್ದವರೆಲ್ಲ ಹೋಗಿಬಿಟ್ಟಿದ್ದರು. ಹಲಗೆಗಳು ಅತ್ತೆಯ ಕಣ್ಣೆದುರಿಗೇ, ಬೀದಿಯಾಚೆ ಇದ್ದವು.

ನಾನು ಓಡಿ ತಂದು ಹಾಕಿದೆ. ಆ ಕೆಲಸ ಯಾವತ್ತೂ ಮಾಡಿದವಳಲ್ಲ, ಗಾಲಿಗೂ ಹಲಗೆಗೂ ಕೂಡಲಿಲ್ಲ. ಅತ್ತೆ, ಎಡಗಡೆಯದನ್ನು ಒಸಿ ಒಳಕ್ಕೆ ಸರಿಸು ಅಂದಳು. ಹೇಗೋ ಇಳಿಸಿದೆ. ಹೊಲದ ದಾರಿಯಲ್ಲಿ ಗಾಲಿ ಹೂತು ಹೂತು ನಿಂತವು. ನಾವು ಮುಟ್ಟುವ ಹೊತ್ತಿಗೆ ಗುಂಡಿ ಮುಚ್ಚಿ, ಮೇಲೆ ಹೂ ಹಾಕಿ, ಜನ ಹೊರಟು ನಿಂತಿದ್ದರು. ಅತ್ತೆಯನ್ನು ಕಂಡು ಎಲ್ಲರೂ ತಲೆ ಕೆಳಗೆ ಹಾಕಿದರು.

ಚಿಕ್ಕಮಾದಪ್ಪ ಹತ್ತಿರ ಬಂದ. “ಒಂದು ಕೂಗು ಆಕ್ಬಾರ್ದಾಗಿತ್ತಾ ಅತ್ಗೆ?”

“ಕೂಗ್ದೆ ಕಣಪ್ಪ,” ಅಂದಳು ಅತ್ತೆ. “ಕೂಗುದ್ರೆ ಬರೋರ್ನ ನೀವು ಒತ್ಕಂಡೋಯ್ತಿದ್ರಿ.”

ನಾನು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಅತ್ತೆಯ ಕೈಗಿಟ್ಟೆ.