ವಾಚನಾಲಯದ ಗೋಡೆಗೆ ನಾನು ಕೊಟ್ಟ ಸುಳ್ಳು ಮುಖ

ಎಕಂಬಾದ ವಾಚನಾಲಯದ ಗೋಡೆಯ ಮೇಲೆ ನಾಲ್ಕು ವರ್ಷ ಇದ್ದ ಶಾಂತಾಬಾಯಿಯ ಮುಖ ಶಾಂತಾಬಾಯಿಯದಲ್ಲ. ಕಣ್ಣು, ಮೂಗು, ತುಟಿ, ಗದ್ದ — ಎಲ್ಲ ನನ್ನ ತಾಯಿಯವು. ನಾನೇ ಇಟ್ಟೆ, ತಿಳಿದೇ ಇಟ್ಟೆ. ಆ ಚಿತ್ರವನ್ನು ಫೋನಿನಲ್ಲಿ ಉಳಿಸಿಕೊಂಡವರು, ಮದುವೆಯ ಕಾರ್ಡಿನ ಮೇಲೆ ಹಾಕಿಸಿಕೊಂಡವರು ಔರಾದ ತಾಲೂಕಿನಲ್ಲಿ ಎಷ್ಟೋ ಜನ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಭಾಲ್ಕಿಯವಳು, ಹೆಸರು ಸುಜಾತಾ. ಬೀದರಿನಲ್ಲಿ, ಲೇಸರಿನಿಂದ ಉಕ್ಕಿನ ತಗಡು ಕತ್ತರಿಸುವ ಅಂಗಡಿಯಲ್ಲಿ ಡಿಸೈನ್ ಮಾಡುತ್ತೇನೆ. ಜನ ಫೋಟೊ ತರುತ್ತಾರೆ. ಕಂಪ್ಯೂಟರಿನ ಪಾಲಿಗೆ ಫೋಟೊ ಎಂದರೆ ಸಣ್ಣ ಸಣ್ಣ ಚೌಕಗಳ ರಾಶಿ. ಹಿಗ್ಗಿಸಿದರೆ ಚೌಕಗಳು ಒಡೆದು ಮುಖ ಕಲಸಿಹೋಗುತ್ತದೆ. ಯಂತ್ರಕ್ಕೆ ಬೇಕಾದದ್ದು ಗೆರೆ. ಫೋಟೊದ ಮೇಲೆ ಬಿಂದುವಿಗೆ ಬಿಂದು ಜೋಡಿಸಿ ಗೆರೆ ಎಳೆದು ಅದನ್ನು ವೆಕ್ಟರ್ ಮಾಡುವುದು ನನ್ನ ಕೆಲಸ. ಹಾಗೆ ಮಾಡಿದ ಚಿತ್ರವನ್ನು ಉಗುರಿನಷ್ಟು ಮಾಡಿದರೂ ಗೋಡೆಯಷ್ಟು ಮಾಡಿದರೂ ಅಂಚು ಕೆಡುವುದಿಲ್ಲ.

ಶಾಂತಾಬಾಯಿ ಅಕ್ಷರ ಬಾರದ ಹೆಂಗಸು. ಹುಡುಗಿಯರನ್ನು ಊರಾಚೆಯ ಹೈಸ್ಕೂಲಿಗೆ ಕಳಿಸಲು ಎಲ್ಲರೂ ಹೆದರುತ್ತಿದ್ದ ಕಾಲದಲ್ಲಿ, ದಿನಾ ಅವರನ್ನು ತಾನೇ ನಡೆಸಿಕೊಂಡು ಹೋಗುತ್ತಿದ್ದಳು. ಶಾಲೆ ಬಿಡುವವರೆಗೆ ಪಕ್ಕದ ಹೊಲದಲ್ಲಿ ಕೂಲಿ ಮಾಡಿ, ಸಂಜೆ ಒಬ್ಬೊಬ್ಬರನ್ನೂ ಮನೆಗೆ ಮುಟ್ಟಿಸುತ್ತಿದ್ದಳು. ಆ ಹುಡುಗಿಯರು ಟೀಚರಾದರು, ನರ್ಸಾದರು, ಪೊಲೀಸರಾದರು. ಅವಳು ತೀರಿಹೋದ ಮೇಲೆ ಎಲ್ಲರೂ ಕೂಡಿ ಊರಲ್ಲಿ ಅವಳ ಹೆಸರಿನ ವಾಚನಾಲಯ ಕಟ್ಟಿಸಿದರು. ಗೋಡೆಗೆ ಉಕ್ಕಿನ ಭಾವಚಿತ್ರ ಮಾಡಿಸಲು ಅವಳ ಮಗಳು ಕಮಲಾಬಾಯಿ ನನ್ನಲ್ಲಿಗೆ ಬಂದಳು. ಇದ್ದದ್ದು ಒಂದೇ ಫೋಟೊ — ಒಂದು ಗುಂಪಿನ ಮೂಲೆಯಲ್ಲಿ, ಜೋಳದ ಕಾಳಿನಷ್ಟು ಮುಖ.

ಇದರಲ್ಲಿ ಏನೂ ಕಾಣುವುದಿಲ್ಲ ಎನ್ನಬೇಕಿತ್ತು. ಎನ್ನಲಿಲ್ಲ. "ಆಗ್ತದರಿ, ಬಿಡ್ರಿ" ಎಂದೆ. ಎಂಥ ಫೋಟೊ ಕೊಟ್ಟರೂ ಸುಜಾತಾ ತೆಗೆದುಕೊಡುತ್ತಾಳೆ ಎಂಬ ಹೆಸರಿತ್ತಲ್ಲ — ಆ ಹೆಸರಿನ ಹುಚ್ಚು.

ಹಿಗ್ಗಿಸಿದೆ. ಸೆರಗು ಸಿಕ್ಕಿತು, ಹಣೆಯ ಅಗಲ ಸಿಕ್ಕಿತು. ಅದರ ಕೆಳಗೆ ಬರೀ ಬೂದು ಚೌಕಗಳು. ಆ ವರ್ಷವೇ ನನ್ನ ತಾಯಿ ತೀರಿಕೊಂಡಿದ್ದಳು. ಅವಳ ಫೋಟೊಗಳು ಅದೇ ಕಂಪ್ಯೂಟರಿನಲ್ಲಿದ್ದವು. ಮೊದಲು ತುಟಿ ಮಾತ್ರ ತೆಗೆದುಕೊಂಡೆ. ಆಮೇಲೆ ಕಣ್ಣು. ಆಮೇಲೆ — ಕೈ ನಿಲ್ಲಲಿಲ್ಲ. ನಮ್ಮವ್ವನಿಗೂ ಯಾರಾದರೂ ಒಂದು ಹಾರ ಹಾಕಲಿ ಎಂಬ ಆಸೆ ಒಳಗೆ ಇತ್ತೇ? ಇತ್ತು. ಇಲ್ಲವೆಂದು ಇನ್ನು ಹೇಳಲಾರೆ.

ಪರದೆ ಸರಿದ ದಿನ ಕಮಲಾಬಾಯಿ ಆ ತಗಡನ್ನು ಸವರಿ ಸವರಿ ನೋಡಿದಳು.

"ನಮ್ಮವ್ವನ ಮಾರಿ ಇಷ್ಟು ಚಂದ ಇತ್ತೇನ್ರಿ? ನಾ ಮರ್ತೇ ಬಿಟ್ಟಿದ್ದೆ ನೋಡ್ರಿ!"

ನನ್ನ ಎರಡೂ ಕೈ ಹಿಡಿದು ಅತ್ತಳು. ನಾನು — ಆ ಹೊಗಳಿಕೆಯನ್ನು ತೆಗೆದುಕೊಂಡೆ. ಉಳಿದವರು, ಫೋಟೊ ನೋಡಿ ಮಾಡಿದ್ದು ಎಂದ ಮೇಲೆ ತಮ್ಮ ನೆನಪೇ ತಪ್ಪಿರಬೇಕು, ಇಲ್ಲವೆ ಚಂದ ಕಾಣಲೆಂದು ನಾನು ತಿದ್ದಿರಬೇಕು ಎಂದುಕೊಂಡರು.

ನಾಲ್ಕು ವರ್ಷವಾದ ಮೇಲೆ ರಜಿಯಾ ಎಂಬ ನರ್ಸು ಅಂಗಡಿಗೆ ಬಂದಳು. ಹೈದರಾಬಾದಿನಲ್ಲಿ ಬಹಳ ಕಾಲ ಕೆಲಸ ಮಾಡಿ ಆಗಷ್ಟೇ ಭಾಲ್ಕಿಗೆ ಬಂದಿದ್ದವಳು. ಹೊಸ ಮನೆಗೆ ಹೆಸರಿನ ಫಲಕ ಬೇಕಿತ್ತು. ಗೋಡೆಗೆ ತೂಗುಹಾಕಿದ್ದ ಮಾದರಿಗಳಲ್ಲಿ ಒಂದನ್ನು ತೋರಿಸಿ "ಇವ್ರು ಯಾರ್ರಿ?" ಎಂದಳು.

"ಎಕಂಬಾದ ಶಾಂತಾಬಾಯಿ."

"ಬಿಲ್ಕುಲ್ ಅಲ್ಲರಿ! ಶಾಂತಾ ಮೌಸಿ ಕೈ ಹಿಡದು ಸಾಲಿಗಿ ಹೋದಾಕಿ ನಾನು. ಎತ್ತು ಕೋಡಿಲೆ ಇರಿದು ಮೌಸಿದು ಮ್ಯಾಲಿನ ತುಟಿ ಸೀಳಿತ್ತು. ನಮಗ ಕಾಡ್ಲಿಕ್ಕಿ ಬಂದವ್ರು ಆ ಮಾರಿ ನೋಡೇ ಓಡ್ತಿದ್ರು. ಆ ಗಾಯ ಎಲ್ಲಿ ಹೋತ್ರಿ?"

ಮುಂದಿನ ಭಾನುವಾರ ಎಕಂಬಾಕ್ಕೆ ಹೋದೆ. ವಾಚನಾಲಯದ ಕಟ್ಟೆಯ ಮೇಲೆ ಕಮಲಾಬಾಯಿಯನ್ನು ಕೂರಿಸಿ, ಫೋಟೊದಲ್ಲಿ ಮುಖ ಸಿಗಲಿಲ್ಲ, ಗೋಡೆಯ ಮೇಲಿರುವುದು ಶಾಂತಾಬಾಯಿಯದಲ್ಲ ಎಂದು ಹೇಳಿದೆ. ಅವಳು ಚಿತ್ರದ ಕಡೆ ಕೈ ಮಾಡಿದಳು.

"ಮತ್ತ ಈ ಮಾರಿ ಯಾರದು?"

"ನಮ್ಮವ್ವಂದರಿ."

"ನಾಲ್ಕು ವರ್ಷ ನಿಮ್ಮವ್ವಗ ಹೂವ ಹಾಕೀನಿ. ಈಗ ನಮ್ಮವ್ವನ ತಂದು ಕೊಡ್ರಿ."

ಬೈದಿದ್ದರೆ ತಾಳಿಕೊಳ್ಳಬಹುದಿತ್ತು. ತಂದು ಕೊಡುವುದು ಹೇಗೆ — ಫೋಟೊದಲ್ಲಿ ಇಲ್ಲವೇ ಇಲ್ಲ. ಆದರೆ ಅವಳನ್ನು ಕಂಡ ಕಣ್ಣುಗಳಿದ್ದವು. ರಜಿಯಾ ತನ್ನ ಜೊತೆ ಶಾಲೆಗೆ ನಡೆದವರಿಗೆಲ್ಲ ಫೋನಿನ ಮೇಲೆ ಫೋನು ಮಾಡಿದಳು. ಎರಡು ವಾರ ಕಳೆದು, ಬೀದರಿನಿಂದ, ಭಾಲ್ಕಿಯಿಂದ, ಔರಾದಿನಿಂದ ಹತ್ತೊಂಬತ್ತು ಹೆಂಗಸರು ವಾಚನಾಲಯದಲ್ಲಿ ಸೇರಿದರು. ಅವರೆದುರು ತಪ್ಪನ್ನು ಮತ್ತೊಮ್ಮೆ ಹೇಳಿದೆ. ಕೆಲವರು ಮುಖ ತಿರುಗಿಸಿದರು. ಆಮೇಲೆ ಕಂಪ್ಯೂಟರಿಗೆ ಪ್ರೊಜೆಕ್ಟರ್ ಜೋಡಿಸಿ ಗೋಡೆಗೆ ಬೆಳಕು ಬಿಟ್ಟು, ಹಣೆ ಮತ್ತು ಸೆರಗು ಮಾತ್ರ ಇರುವ ಖಾಲಿ ಮುಖವನ್ನು ತೋರಿಸಿ "ನೀವು ಹೇಳ್ರಿ, ನಾ ಗೆರಿ ಎಳೀತೇನಿ" ಎಂದೆ.

"ಗದ್ದ ಇನ್ನಾ ಅಗಲ ಮಾಡ್ರಿ."

"ಕಣ್ಣು ಅಷ್ಟು ದೊಡ್ಡವು ಯಾಕ? ಬಿಸಲಿಗಿ ಕಿರದು ಮಾಡ್ತಿದ್ದಳು."

"ಮೂಗುತಿ ಆ ಕಡಿ ಅಲ್ಲ, ಈ ಕಡಿ!"

ಜಗಳವಾಯಿತು, ನಗೆಯಾಯಿತು, ಚಹಾ ಬಂತು. ಎಲ್ಲರೂ ಹೂಂ ಎನ್ನುವವರೆಗೆ ಒಂದು ಬಿಂದುವನ್ನೂ ನಾನು ಬಿಟ್ಟು ಮುಂದೆ ಹೋಗಲಿಲ್ಲ. ಕೊನೆಗೆ ತುಟಿ. ರಜಿಯಾ ಮೌಸು ಕಸಿದುಕೊಂಡು, ಮೇಲ್ದುಟಿಯ ನಡುವಿನ ಬಿಂದುವನ್ನು ಕೂದಲೆಳೆಯಷ್ಟು ಮೇಲೆ ಎಳೆದಳು.

ಹಿಂದೆ ಕೂತಿದ್ದ ಪೊಲೀಸ್ ಹೆಂಗಸು ತನಗೆ ಅರಿವಿಲ್ಲದೆ ಎದ್ದು ನಿಂತಳು. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಕಮಲಾಬಾಯಿ ಗೋಡೆಯ ಹತ್ತಿರ ಹೋಗಿ ಗದರಿಸುವ ದನಿಯಲ್ಲಿ ಕೇಳಿದಳು:

"ಇಷ್ಟು ದಿನ ಎಲ್ಲಿಗಿ ಹೋಗಿದ್ದಿಯವ್ವಾ?"

ನಾನು ಜೀವನದಲ್ಲಿ ಸಾವಿರಾರು ಚಿತ್ರ ಮಾಡಿದ್ದೇನೆ. ಗೆದ್ದೆವು ಎಂದು ಎದೆ ತಟ್ಟಿಕೊಂಡದ್ದು ಅಂದೊಂದೇ ದಿನ — ಗೆದ್ದವಳು ನಾನಲ್ಲದಿದ್ದರೂ.

ಹೊಸ ಶಾಂತಾಬಾಯಿ ವಾಚನಾಲಯದ ಮುಂಗೋಡೆಯಷ್ಟು ಎತ್ತರ ಇದ್ದಾಳೆ. ಸೀಳಿದ ತುಟಿ, ಕಿರಿದು ಮಾಡಿದ ಕಣ್ಣು. ಒಂದು ಅಂಚೂ ಮಸುಕಿಲ್ಲ. ಅವಳನ್ನು ಏರಿಸಿದ ದಿನ ಹಲಗೆ ಬಾರಿಸಿದ ಸದ್ದಿಗೆ ಊರೆಲ್ಲ ಸೇರಿತ್ತು. ಔರಾದಿನ ಬಸ್ಸು ನಿಂತು, ಡ್ರೈವರ್ ಕೆಳಗಿಳಿದು ಕೈ ಮುಗಿದ. ಕೆಳಗೆ ಹತ್ತೊಂಬತ್ತು ಹೆಂಗಸರ ಹೆಸರು ಕೊರೆದಿದ್ದೇನೆ. ನನ್ನದನ್ನೂ ಹಾಕು ಎಂದರು. ಬೇಡವೆಂದೆ.

ಕಳೆದ ವಾರ ಕಮಲಾಬಾಯಿ ಫೋನಿನಲ್ಲಿ ಹೇಳಿದಳು — "ಕಣ್ಣು ಮುಚ್ಚಿದ್ರ ಒಮ್ಮೊಮ್ಮಿ ಇನ್ನಾ ನಿಮ್ಮವ್ವನೇ ಬರ್ತಾಳ್ರಿ." ಗೋಡೆಯ ಮೇಲಿನದನ್ನು ತಿದ್ದಿದೆ. ಅವಳ ಒಳಗೆ ನಾನು ಅಳಿಸಿದ್ದನ್ನು — ತಿದ್ದಲಾರೆ.

ನಿನ್ನೆ ಠಾಣಾ ಕುಶನೂರಿನವರೊಬ್ಬರು ಅಜ್ಜನ ಮಾಸಿದ ಫೋಟೊ ತಂದಿದ್ದರು. "ಇದರಾಗ ಮಾರಿ ಕಾಣವಲ್ದ್ರಿ" ಎಂದೆ, "ಅವ್ರಿಗಿ ನೋಡಿದವ್ರು ಯಾರರ ಇದ್ದಾರೇನ್ರಿ?" ಮೂವರು ಇದ್ದಾರಂತೆ. ಮೂವರನ್ನೂ ಗುರುವಾರ ಕರೆತರಲು ಹೇಳಿದ್ದೇನೆ.