ಐದಡಿ ಒಂಬತ್ತು ಇಂಚಿನ ನಾರಾಯಣಮ್ಮ

ಬಿಳೇಕಹಳ್ಳಿಯ ನಾರಾಯಣಮ್ಮನ ಎತ್ತರ ಐದಡಿ ಒಂಬತ್ತು ಇಂಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹುಟ್ಟಿದಾಗಿನಿಂದ ಊರವರು ಅವಳ ವಿಷಯದಲ್ಲಿ ಮೊದಲು ಹೇಳಿದ್ದೂ ಇದನ್ನೇ, ಕೊನೆಗೆ ಹೇಳಿದ್ದೂ ಇದನ್ನೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಇವಳ ಕಾಲಿಗೆ ಹಾಸಿಗೆ ಎಲ್ಲಿಂದ ತರೋಣ ಎಂದು ಸ್ವಂತ ಸೋದರತ್ತೆಯೇ ನಗುತ್ತಿದ್ದಳು. ಹೆಣ್ಣು ನೋಡಲು ಬಂದ ನಾಲ್ಕು ಗಂಡುಗಳು ಕಾಫಿ ಕುಡಿದು, ಉಪ್ಪಿಟ್ಟು ತಿಂದು, ಅವಳು ಎದ್ದು ನಿಂತ ಕೂಡಲೇ ತಾವೂ ಎದ್ದು ಹೋಗಿದ್ದರು. ಐದನೆಯವನು ಗಂಗಾಧರಯ್ಯ. ಅಂದು ಅವಳ ತಾಯಿ ಜಾಣತನ ಮಾಡಿ ಮಗಳನ್ನು ಚಾಪೆಯಿಂದ ಏಳಲೇ ಬಿಡಲಿಲ್ಲ.

ಗಂಗಾಧರಯ್ಯ ಐದಡಿ ನಾಲ್ಕು ಇಂಚು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮದುವೆಯ ದಿನ ಫೋಟೋ ತೆಗೆಯಲು ಬಂದವನು ಮದುಮಕ್ಕಳನ್ನು ನೋಡಿ ತಲೆ ಕೆರೆದುಕೊಂಡ. ಗಂಡಿನ ಕಾಲಡಿಗೆ ಇಟ್ಟಿಗೆ ಇಟ್ಟ. ಹೆಣ್ಣಿಗೆ ಮಂಡಿ ಬಗ್ಗಿಸಲು ಹೇಳಿದ. ಇಟ್ಟಿಗೆ ಅವಳ ಸೀರೆಯ ನೆರಿಗೆಯ ಮರೆಯಲ್ಲಿ ಅಡಗಿತು. ಅವನಿಗೆ ಇಟ್ಟಿಗೆಯಿಂದ ಜಾರುವ ಭಯ, ಅವಳಿಗೆ ಮಂಡಿ ನೋವು. ಆ ಫೋಟೋ ಇವತ್ತಿಗೂ ಹಾಲ್‌ನಲ್ಲಿದೆ, ನೋಡಿದವರು ಜೋಡಿ ಚೆನ್ನಾಗಿದೆ ಅಂತಲೇ ಹೇಳುತ್ತಾರೆ.

ಅಂದು ಬಗ್ಗಿದವಳು ಮತ್ತೆ ನೆಟ್ಟಗೆ ನಿಂತಿದ್ದನ್ನು ಯಾರೂ ನೋಡಲಿಲ್ಲ. ಗಂಡನ ಪಕ್ಕ ನಡೆಯುವಾಗ ಭುಜ ಕುಗ್ಗಿಸಿದಳು. ಗುಂಪು ಫೋಟೋದಲ್ಲಿ ಹಿಂದಿನ ಸಾಲಿಗೆ ಹೋಗಿ ಅಲ್ಲೂ ತಗ್ಗಿದಳು. ರಾಗಿ ಹೊಲ ಹೋಗಿ ನಾಲ್ಕಂತಸ್ತಿನ ಮನೆ ಎದ್ದಿತು, ಬಾಡಿಗೆಗೆ ಎಂಟು ಸಂಸಾರ ಬಂದವು, ಮಕ್ಕಳಿಬ್ಬರಿಗೂ ಮದುವೆಯಾಯಿತು. ಬೆನ್ನು ಮಾತ್ರ ಕೊಡೆಯ ಹಿಡಿಯಂತೆ ಬಾಗಿಕೊಂಡೇ ಇತ್ತು.

ಈ ಕಥೆಗೆ ಕಿಡಿ ಹಚ್ಚಿದವಳು ರಾಜಶ್ರೀ. ಗದಗ ಕಡೆಯ ಹುಡುಗಿ, ನಾರಾಯಣಮ್ಮನ ಮನೆಯ ಕೆಳಗಡೆಯೇ ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದಾಳೆ. ಕಳೆದ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ನಾರಾಯಣಮ್ಮ ತಲೆಗೆ ಮೆಹೆಂದಿ ಹಚ್ಚಿಸಿಕೊಂಡು ಕೂತಿದ್ದಾಗ, ಮೊಬೈಲು ನೋಡುತ್ತಿದ್ದ ರಾಜಶ್ರೀ ತಟ್ಟನೆ ಕಣ್ಣೆತ್ತಿದಳು.

"ಆಂಟಿ, ಒಂಚೂರ ಎದ್ದ ನಿಂದರ್ರಿ."

"ಯಾಕಮ್ಮ?"

"ನಿಂದರ್ರಿ ಅಂದ್ರ! ಹಂಗಲ್ರೀ, ಬಾಗಬ್ಯಾಡ್ರಿ." ಹಿಂದಿನಿಂದ ಬಂದು ಎರಡೂ ಭುಜ ಹಿಡಿದು ಎಳೆದೇಬಿಟ್ಟಳು. ನಾರಾಯಣಮ್ಮ ಎದುರಿನ ಕನ್ನಡಿ ನೋಡಿದಳು. ಕುತ್ತಿಗೆಯವರೆಗೆ ಮಾತ್ರ ಕಂಡಿತು. ಮುಖ ಕನ್ನಡಿಯ ಚೌಕಟ್ಟು ದಾಟಿ ಮೇಲೆ ಹೋಗಿತ್ತು.

ರಾಜಶ್ರೀ ಮೊಬೈಲು ತೋರಿಸಿದಳು. 'ಶ್ರೀಮತಿ ಭಾರತ ಮುಕುಟ' ಎಂಬ ಸೌಂದರ್ಯ ಸ್ಪರ್ಧೆ. ಒಂದೊಂದು ರಾಜ್ಯದಿಂದ ಒಬ್ಬೊಬ್ಬರು, ನಲವತ್ತರಿಂದ ಐವತ್ತು ವರ್ಷದ ಗೃಹಿಣಿಯರು. ಈ ಸಲದ ಫೈನಲ್ ಬೆಂಗಳೂರಿನಲ್ಲೇ, ಆಗಸ್ಟ್ ಹದಿನಾರಕ್ಕೆ.

"ಥೂ, ನನಗ್ಯಾಕೆ ಇದೆಲ್ಲ? ಜನ ನಗ್ತಾರೆ ಅಷ್ಟೆ."

"ಆಂಟಿ, ಅಲ್ಲಿ ಎತ್ತರ ಇದ್ದವ್ರಿಗೆ ಮಾರ್ಕ್ಸ್ ಜಾಸ್ತಿ ಕೊಡ್ತಾರ್ರೀ."

ಆ ಮಾತು ನಾಟಿತು. ಹುಟ್ಟಿದಾಗಿನಿಂದ ಎಲ್ಲರೂ ಮಾರ್ಕ್ಸ್ ಕಳೆದಿದ್ದು ಇದೇ ಎತ್ತರಕ್ಕೆ. ಇದಕ್ಕೆ ಮಾರ್ಕ್ಸ್ ಕೊಡುವ ಜಾಗವೂ ಭೂಮಿಯ ಮೇಲಿದೆಯೇ! ರಾತ್ರಿ ಅನ್ನ ಬಡಿಸುತ್ತಾ ಗಂಡನಿಗೆ ಹೇಳಿದಳು. ಗಂಗಾಧರಯ್ಯ ಸಾರು ಕಲಸುವುದನ್ನು ನಿಲ್ಲಿಸಿದ. "ಈ ವಯಸ್ಸಲ್ಲಾ? ನೋಡು, ಬೇಡ ಅಂತ ನಾನನ್ನಲ್ಲ. ಹೋಗು ಅಂತಾನೂ ಅನ್ನಲ್ಲ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ.

"ನೀವು ಏನೂ ಅನ್ಬೇಡಿ. ನನಗೆ ಕಿರೀಟ ಬೇಕಿಲ್ಲ ರೀ. ಒಂದೇ ಒಂದು ಸಲ, ಎಲ್ಲರ ಎದುರು, ದೇವರು ಕೊಟ್ಟಷ್ಟೂ ಎತ್ತರಕ್ಕೆ ನಿಂತ್ಕೋಬೇಕು."

ಮಾರನೆಯ ದಿನದಿಂದ ಟೆರೇಸಿನ ಮೇಲೆ, ನೀರಿನ ಟ್ಯಾಂಕಿಗೂ ತುಳಸಿ ಕುಂಡಕ್ಕೂ ನಡುವೆ ಅಭ್ಯಾಸ ಶುರುವಾಯಿತು. ರಾಜಶ್ರೀ ಜಯನಗರದಿಂದ ನಾಲ್ಕಿಂಚು ಹಿಮ್ಮಡಿಯ ಚಪ್ಪಲಿ ತಂದುಕೊಟ್ಟಿದ್ದಳು. ಮೊದಲ ವಾರ ನಾರಾಯಣಮ್ಮ ಎರಡು ಸಲ ಬಿದ್ದಳು, ಒಂದು ಸಲ ಪಾದ ಉಳುಕಿತು. ಮೂರನೆಯ ವಾರ ಬೆನ್ನು ನೆಟ್ಟಗಾಗುತ್ತಾ ಬಂದಾಗ ಬಟ್ಟೆ ಒಣಹಾಕುವ ತಂತಿ ಹಣೆಗೆ ಬಡಿಯಿತು. ಮನೆ ಕಟ್ಟಿದಾಗಿನಿಂದ ಅದರಡಿ ತಗ್ಗಿಯೇ ಓಡಾಡಿದ್ದವಳಿಗೆ ತಂತಿ ಇರುವುದೇ ಮರೆತುಹೋಗಿತ್ತು. ಹಣೆ ಉಜ್ಜಿಕೊಂಡು ಕೆಳಗೆ ಹೋಗಿ ಇಕ್ಕಳ ತಂದು, ತಂತಿಯನ್ನು ಬಿಚ್ಚಿ ಒಂದೂವರೆ ಅಡಿ ಮೇಲಕ್ಕೆ ಕಟ್ಟಿದಳು. ಬಾಡಿಗೆಯವರು ಗೊಣಗಿದ್ದಕ್ಕೆ ಆಮೇಲೆ ಅವರಿಗೊಂದು ಸ್ಟೂಲ್ ತಂದಿಟ್ಟಳು.

ಜೂನ್ ಕೊನೆಗೆ ಜೆ.ಪಿ. ನಗರದ ಹೋಟೆಲೊಂದರಲ್ಲಿ ಕರ್ನಾಟಕದ ಆಯ್ಕೆ ನಡೆಯಿತು. ನಲವತ್ತು ಹೆಂಗಸರು ಬಂದಿದ್ದರು, ಜಿಮ್‌ಗೆ ಹೋಗುವವರು, ಇಂಗ್ಲಿಷ್ ಸುರಿಸುವವರು. ನಾರಾಯಣಮ್ಮನಿಗೆ ಇದ್ದದ್ದು ಎತ್ತರ ಮತ್ತು ಹಠ. ಅವಳು ರೇಷ್ಮೆ ಸೀರೆಯಲ್ಲಿ ನಡೆದು ಬಂದಾಗ ತೀರ್ಪುಗಾರರು ಬರೆಯುವುದನ್ನು ಬಿಟ್ಟು ನೋಡಿದರು. ಸಂಜೆ ಐದಕ್ಕೆ ಕರ್ನಾಟಕದ ಹೆಸರು ಕೂಗಿದರು, ನಾರಾಯಣಮ್ಮ! ರಾಜಶ್ರೀ ಕುಣಿದಾಡಿಬಿಟ್ಟಳು. ಗಂಗಾಧರಯ್ಯ ಯಾರಿಗೂ ಹೇಳದೆ ಹೋಗಿ ಒಂದು ಕೆಜಿ ಮೈಸೂರು ಪಾಕ್ ತಂದು ಫ್ರಿಜ್ಜಿನ ಮೇಲಿಟ್ಟ.

ಕೈಗೆ ಬಂದ ತುತ್ತು ಬಾಯಿಗೆ ಬರಬೇಕಲ್ಲ. ನಾಲ್ಕನೆಯ ದಿನ ಫೋನ್ ಬಂತು. ಸ್ಪರ್ಧೆಯ ಆಫೀಸಿನಲ್ಲಿ ದಾಖಲೆ ನೋಡಿಕೊಳ್ಳುವ ಹುಡುಗಿ, ಸಮನ್ವಿತಾ.

"ಆಂಟಿ, ಸಾರಿ. ನಿಮ್ಮ ಆಧಾರಲ್ಲಿ ಡೇಟ್ ಆಫ್ ಬರ್ತ್ ಒಂದು ಆರು ಎಪ್ಪತ್ನಾಲ್ಕು ಇದೆ. ಆಗಸ್ಟ್‌ಗೆ ನಿಮಗೆ ಫಿಫ್ಟಿ ಒನ್ ಆಗಿರುತ್ತೆ. ಐವತ್ತೊಂದು ತುಂಬಿದೋರನ್ನ ತಗೊಳ್ಳಲ್ಲ. ಶುಕ್ರವಾರ ನಿಮ್ಮ ಹೆಸರು ತೆಗೆದು ಸೆಕೆಂಡ್ ಬಂದೋರನ್ನ ಹಾಕ್ತಿದೀವಿ."

ನಾರಾಯಣಮ್ಮ ಮೆಟ್ಟಿಲ ಮೇಲೆಯೇ ಕುಸಿದು ಕೂತಳು. ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಏಕೆಂದರೆ ಆ ತಾರೀಖು ಎಲ್ಲಿಂದ ಬಂತೆಂದು ಅವಳಿಗೆ ಗೊತ್ತಿತ್ತು.

ಆಗಿನ ಕಾಲದಲ್ಲಿ ಹಳ್ಳಿಯ ಮಕ್ಕಳಿಗೆ ಹುಟ್ಟಿದ ದಿನ ಯಾರು ಬರೆದಿಟ್ಟಿದ್ದರು? ಶಾಲೆಗೆ ಸೇರಿಸಲು ಹೋದರೆ ಮೇಷ್ಟ್ರು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಲು ಹೇಳುತ್ತಿದ್ದರು. ಬೆರಳು ಕಿವಿಗೆ ತಗುಲಿದರೆ ಮಗುವಿಗೆ ಆರು ವರ್ಷ ಆಯಿತು ಎಂದು ಲೆಕ್ಕ, ತಾರೀಖು ಜೂನ್ ಒಂದು. ಅಣ್ಣ ಸೀನು ಸೇರುವ ದಿನ ಪುಟ್ಟ ನಾರಾಯಣಿ ಅವನ ಬಾಲ ಹಿಡಿದು ಹೋಗಿದ್ದಳು. ಆಟಕ್ಕೆಂದು ಅವಳೂ ಕೈ ಎತ್ತಿದಳು. ಉದ್ದ ಕೈ, ನಾಲ್ಕೂವರೆ ವರ್ಷಕ್ಕೇ ಕಿವಿ ಸಿಕ್ಕಿತು! ಮೇಷ್ಟ್ರು ಹಿಂದೆಮುಂದೆ ನೋಡದೆ ಆರು ವರ್ಷ ಎಂದು ಬರೆದುಕೊಂಡರು. ಅಂದರೆ ಈ ಎತ್ತರ ನಲವತ್ತೈದು ವರ್ಷದ ಹಿಂದೆಯೇ ಅವಳಿಗೆ ಗುಂಡಿ ತೋಡಿಟ್ಟಿತ್ತು.

"ಹೋಗ್ಲಿ ಬಿಡು, ಹಣೇಲಿ ಬರೆದಿಲ್ಲ" ಎಂದ ಗಂಗಾಧರಯ್ಯ.

"ಹಣೇಲಿ ಬರೆದಿದ್ದಲ್ಲ ರೀ, ಮೇಷ್ಟ್ರು ಬರೆದಿದ್ದು" ಎಂದವಳೇ ಕಣ್ಣೊರೆಸಿಕೊಂಡು ಅರಕೆರೆಯ ಆಟೋ ಹತ್ತಿದಳು.

ಅರಕೆರೆಯಲ್ಲಿ ಸೀನಣ್ಣನ ಹಾರ್ಡ್‌ವೇರ್ ಅಂಗಡಿ. ಮೊದಲನೆಯ ಹೆರಿಗೆ ಕಷ್ಟವಾಯಿತೆಂದು ತಾಯಿಯನ್ನು ಎತ್ತಿನ ಗಾಡಿಯಲ್ಲಿ ಪೇಟೆಯ ದೊಡ್ಡಾಸ್ಪತ್ರೆಗೆ ಒಯ್ದಿದ್ದರು, ಹಾಗಾಗಿ ಇವನೊಬ್ಬನಿಗೆ ಆಸ್ಪತ್ರೆಯ ಕಾಗದವಿತ್ತು. ನಾರಾಯಣಿ ಹುಟ್ಟಿದ್ದು ಮನೆಯ ನಡುಮನೆಯಲ್ಲಿ. ವಿಷಯ ಕೇಳಿ ಸೀನಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

"ನೀನು ಸ್ಟೇಜ್ ಮೇಲೆ ನಡೀತೀಯಾ? ಅಪ್ಪ ಇದ್ದಿದ್ರೆ ಏನಂತಿದ್ದ ಗೊತ್ತಾ?"

"ಅಪ್ಪ ಇದ್ದಿದ್ರೆ ಇಷ್ಟೊತ್ತಿಗೆ ಕಾಗದ ಹುಡುಕಿ ಕೊಟ್ಟಿರ್ತಿದ್ದ. ನಗೋದು ಆಮೇಲೆ ನಗು ಸೀನಣ್ಣ, ಮೊದಲು ಟ್ರಂಕು ತೆಗಿ."

ಗುರುವಾರ ಬೆಳಿಗ್ಗೆ ಹತ್ತಕ್ಕೆ ಅಣ್ಣ ತಂಗಿ ಇಬ್ಬರೂ ಜಯನಗರದ ಆಫೀಸಿನಲ್ಲಿ ಸಮನ್ವಿತಾಳ ಎದುರು ಕೂತಿದ್ದರು. ಅವಳು ಇಪ್ಪತ್ತೈದರ ಹುಡುಗಿ. ಕಾಗದ ಮುಟ್ಟುವ ಮೊದಲೇ "ಆಂಟಿ, ಆಧಾರಲ್ಲಿ ಇರೋದೇ ಫೈನಲ್" ಎಂದಳು.

"ಆಗ್ಲಮ್ಮ. ಇವನು ನಮ್ಮಣ್ಣ. ಒಂದೇ ಅಪ್ಪ, ಒಂದೇ ಅಮ್ಮ. ಇದು ಇವನು ಹುಟ್ಟಿದ ಆಸ್ಪತ್ರೆ ಕಾಗದ, ಜನವರಿ ಇಪ್ಪತ್ತು, ಎಪ್ಪತ್ನಾಲ್ಕು. ಇದು ನನ್ನ ಆಧಾರು, ಜೂನ್ ಒಂದು, ಎಪ್ಪತ್ನಾಲ್ಕು. ಈಗ ಹೇಳು, ಇವನು ಹುಟ್ಟಿ ನಾಲ್ಕೂವರೆ ತಿಂಗಳಿಗೆ ನಮ್ಮಮ್ಮ ನನ್ನ ಹೆತ್ತಳಾ?"

ಸಮನ್ವಿತಾ ಎರಡೂ ಕಾಗದ ನೋಡಿದಳು. ಕನ್ನಡಕ ಸರಿ ಮಾಡಿಕೊಂಡು ಮತ್ತೆ ನೋಡಿದಳು. "ಟ್ವಿನ್ಸಾ?" ಎಂದಳು ಮೆಲ್ಲಗೆ.

"ಒಂದು ಜನವರೀಲಿ, ಇನ್ನೊಂದು ಜೂನಲ್ಲಿ ಬಂದ್ರೆ ಅದು ಟ್ವಿನ್ಸಲ್ಲ ಕಂದಾ, ಸಿಟಿ ಬಸ್ಸು!"

ಹುಡುಗಿಗೆ ನಗು ತಡೆಯಲಾಗಲಿಲ್ಲ. ಆದರೆ ನಾರಾಯಣಮ್ಮ ನಗಲಿಲ್ಲ. "ಇವನಾದ ಮೇಲೆ ನಾನಾಗೋಕೆ ಏನಿಲ್ಲ ಅಂದ್ರೂ ಒಂಬತ್ತು ತಿಂಗಳು ಬೇಕಲ್ವಾ? ಎಷ್ಟೇ ಬೇಗ ಅಂದ್ರೂ ಅಕ್ಟೋಬರ್ ಆಯ್ತು. ಆಗಸ್ಟ್ ಹದಿನಾರಕ್ಕೆ ನನಗೆ ಐವತ್ತೊಂದು ಹೇಗೆ ತುಂಬುತ್ತೆ, ನೀನೇ ಲೆಕ್ಕ ಹಾಕಿ ಹೇಳು. ನಾನು ಇಲ್ಲೇ ಕೂತಿರ್ತೀನಿ."

ಕೂತೇ ಇದ್ದಳು. ಸಮನ್ವಿತಾ ಮುಂಬೈಯ ಹೆಡ್ ಆಫೀಸಿಗೆ ಫೋನ್ ಮಾಡಿದಳು, ಅಲ್ಲಿಂದ ಯಾರೋ ಇನ್ನೊಬ್ಬರಿಗೆ ಮಾಡಿದರು. ಅಂಗಡಿಯಲ್ಲಿ ನಕ್ಕಿದ್ದ ಸೀನಣ್ಣನಿಗೆ ಈಗ ರೋಷ ಬಂದಿತ್ತು. "ನಮ್ಮಮ್ಮ ಹೆತ್ತಿದ್ದಕ್ಕೆ ಮುಂಬೈಯೋರು ಒಪ್ಪಿಗೆ ಕೊಡಬೇಕಾ?" ಎಂದು ಆಫೀಸಿನಲ್ಲಿ ಶತಪಥ ಹಾಕಿದ. ಎರಡು ಗಂಟೆ ಕಳೆದ ಮೇಲೆ ಉತ್ತರ ಬಂತು. ಅಣ್ಣ ತಂಗಿ ಇಬ್ಬರೂ ನೋಟರಿ ಮುಂದೆ ಅಫಿಡವಿಟ್ ಮಾಡಿಕೊಟ್ಟರೆ ಒಪ್ಪುತ್ತೇವೆ. ಮಧ್ಯಾಹ್ನ ಮೂರಕ್ಕೆ ಅಫಿಡವಿಟ್ಟು ಸಮನ್ವಿತಾಳ ಮೇಜಿನ ಮೇಲಿತ್ತು.

ಆಗಸ್ಟ್ ಹದಿನಾರು. ಬನಶಂಕರಿಯ ದೊಡ್ಡ ಸಭಾಂಗಣ, ಕಣ್ಣು ಕೋರೈಸುವ ದೀಪಗಳು, ಊರೂರಿನಿಂದ ಬಂದ ಇಪ್ಪತ್ತಾರು ಹೆಂಗಸರು. ಪರದೆಯ ಹಿಂದೆ ನಾರಾಯಣಮ್ಮ ಸೀರೆಯ ನೆರಿಗೆಯನ್ನು ಮತ್ತೆ ಮತ್ತೆ ಸರಿಪಡಿಸಿಕೊಳ್ಳುತ್ತಿದ್ದಳು. "ಆಂಟಿ, ತಂತಿ ಮ್ಯಾಲ ಹೋಗೇತಿ, ನಡೀರಿ" ಎಂದು ರಾಜಶ್ರೀ ಬೆನ್ನಿಗೆ ಕೈ ಇಟ್ಟಳು. ನಾರಾಯಣಮ್ಮ ನಡೆದಳು. ವೇದಿಕೆಯ ತುದಿಗೆ ಬಂದು ನಿಂತು, ಮೈಕು ಹಿಡಿದು, "ನಾನು ನಾರಾಯಣಮ್ಮ. ಬಿಳೇಕಹಳ್ಳಿ, ಕರ್ನಾಟಕ. ಐದಡಿ ಒಂಬತ್ತು ಇಂಚು" ಎಂದಳು. ಆ ಲೆಕ್ಕವನ್ನು ಅವಳು ತನ್ನ ಬಾಯಿಂದ ಜೋರಾಗಿ ಹೇಳಿದ್ದು ಅದೇ ಮೊದಲು. ಹಿಂದಿನ ಸಾಲಿನಿಂದ ಸೀನಣ್ಣ ಶಿಳ್ಳೆ ಹೊಡೆದ.

ಕಿರೀಟ ನಾಗಪುರದವಳಿಗೆ ಹೋಯಿತು. ನಾರಾಯಣಮ್ಮ ಮೊದಲ ಹತ್ತರಲ್ಲಿ ಬಂದಳು, ಐದರಲ್ಲಿ ಬರಲಿಲ್ಲ. ಬೇಜಾರಾಗಲಿಲ್ಲವೇ ಎಂದರೆ ಒಂದು ಚೂರು ಆಯಿತು, ಸುಳ್ಳೇಕೆ ಹೇಳಬೇಕು.

ಕೊನೆಗೆ ಸ್ಪರ್ಧಿಗಳ ಗಂಡಂದಿರನ್ನು ಫೋಟೋಗೆ ಕರೆದರು. ಬಿಳಿ ಪಂಚೆ, ಬಿಳಿ ಶರ್ಟು ತೊಟ್ಟ ಗಂಗಾಧರಯ್ಯ ಮೆಟ್ಟಿಲು ಹತ್ತಿ ಬಂದು ಹೆಂಡತಿಯ ಪಕ್ಕ ನಿಂತ. ಹಿಮ್ಮಡಿ ಸೇರಿ ಅವಳೀಗ ಆರಡಿ ದಾಟಿದ್ದಳು. ಫೋಟೋಗ್ರಾಫರ್ ಕ್ಯಾಮೆರಾ ಇಳಿಸಿ ತಲೆ ಕೆರೆದುಕೊಂಡ.

"ಮೇಡಂ, ಸ್ವಲ್ಪ ಬೆಂಡ್ ಆಗ್ತೀರಾ? ಸಾರ್‌ಗೆ ಒಂದು ಬಾಕ್ಸ್ ಹಾಕ್ತೀನಿ." ಹೇಳುತ್ತಲೇ ಮರದ ಪೆಟ್ಟಿಗೆಯೊಂದನ್ನು ತಂದು ಗಂಗಾಧರಯ್ಯನ ಕಾಲ ಬಳಿ ಇಟ್ಟ.

ನಾರಾಯಣಮ್ಮನ ಮಂಡಿಗಳು ತಮ್ಮಷ್ಟಕ್ಕೆ ತಾವೇ ಬಗ್ಗತೊಡಗಿದವು. ಮೂವತ್ತು ವರ್ಷದ ಅಭ್ಯಾಸ, ಸುಮ್ಮನೆ ಬಿಡುತ್ತದೆಯೇ? ಅರ್ಧಕ್ಕೆ ತಡೆದಳು. ಮತ್ತೆ ನೆಟ್ಟಗಾದಳು. "ನಾನು ಬಗ್ಗಲ್ಲಪ್ಪ" ಎಂದಳು. ಆಮೇಲೆ ಗಂಡನ ಕಡೆ ನೋಡಿದಳು. ಅವನು ಪೆಟ್ಟಿಗೆ ಹತ್ತಿದರೆ ಬೇಡ ಎನ್ನಲು ಅವಳಿಗೆ ಮನಸ್ಸಿರಲಿಲ್ಲ. ಅವನ ಸಂಕಟ ಅವನದು.

ಗಂಗಾಧರಯ್ಯ ಪೆಟ್ಟಿಗೆಯನ್ನು ನೋಡಿದ. ಎದುರಿನ ಜನರನ್ನು ನೋಡಿದ. ತಲೆಯೆತ್ತಿ ಹೆಂಡತಿಯನ್ನು ಪಾದದಿಂದ ನೆತ್ತಿಯವರೆಗೆ ನೋಡಿದ. ಆಮೇಲೆ ಪೆಟ್ಟಿಗೆಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದ.

"ಲೇ, ಇಷ್ಟು ಎತ್ತರ ಇದ್ಯಾ ನೀನು?" ಎಂದ. "ನನಗೆ ಒಂದು ದಿನಾನೂ ತೋರಿಸ್ಲೇ ಇಲ್ವಲ್ಲೇ."

ಆ ಫೋಟೋ ಈಗ ಹಾಲ್‌ನಲ್ಲಿ ಮದುವೆಯ ಫೋಟೋದ ಪಕ್ಕದಲ್ಲಿದೆ. ಗಂಗಾಧರಯ್ಯನ ತಲೆ ಅವಳ ಭುಜಕ್ಕೆ ಬರುತ್ತದೆ. ಇಬ್ಬರೂ ಬಾಯಿ ತುಂಬ ನಗುತ್ತಿದ್ದಾರೆ. ಮದುವೆಯ ಫೋಟೋದಲ್ಲಿ ಇಬ್ಬರೂ ನಕ್ಕಿರಲಿಲ್ಲ.