ಅವ್ವನಿಗೆ ಹೇಳದ ಅರ್ಥ

ನನ್ನ ತಂಗಿ ನರ್ಸ್. ಎರಡು ಸಾವಿರದ ಇಸವಿ ದಾಟಿದ ಮೇಲೆ ನ್ಯೂಜಿಲೆಂಡಿಗೆ ಹೋಗಿ, ವಯಸ್ಸಾದವರನ್ನು ನೋಡಿಕೊಳ್ಳುವ ಕಡೆ ಕೆಲಸಕ್ಕೆ ಸೇರಿದಳು. ನಾನು ನೇಸರಗಿಯಲ್ಲಿ ಶಾಲಾ ಶಿಕ್ಷಕಿ. ಬೈಲಹೊಂಗಲದ ಮನೆಯಲ್ಲಿ ಅವ್ವ, ನಾನು ಇಬ್ಬರೇ. ರವಿವಾರ ಬೆಳಿಗ್ಗೆ ತಂಗಿಯ ಫೋನು ಬರುತ್ತಿತ್ತು.

ಅವಳು ನೋಡಿಕೊಳ್ಳುತ್ತಿದ್ದವರಲ್ಲಿ ಒಬ್ಬ ಮಾವೊರಿ ಅಜ್ಜಿ ಇದ್ದಳು. ಮಾವೊರಿಗಳು ಆ ದೇಶದ ಮೂಲ ಜನ. ಅಜ್ಜಿಗೆ ಇಂಗ್ಲಿಷ್ ಬರುತ್ತಿತ್ತು, ಆದರೂ ಇವಳ ಹತ್ತಿರ ತನ್ನ ಭಾಷೆಯಲ್ಲೇ ನೀರು ಕೇಳುತ್ತಿದ್ದಳಂತೆ.

“ನೀರಿಗೆ ವಾಯ್ ಅಂತಾರ ಅವ್ವಾ. ಮನಿಗೆ ಫರೆ. ಊಟಕ್ಕ ಕೈ.”

“ಕೈಲೇ ಉಣ್ತೀವಲ್ಲ, ಸರಿ ಐತಿ ಬಿಡು,” ಅಂದಳು ಅವ್ವ.

“ನನ್ನ ಹೆಸರು ಆಕಿ ಬಾಯಾಗ ಹೊಳ್ಳೂದಿಲ್ಲ. ಫೆತು ಅಂತ ಕರೀತಾಳ. ಫೆತು ಅಂದ್ರ ಆಕಾಶದಾಗಿನ ಚಿಕ್ಕಿ.”

ಅವ್ವ ಆವತ್ತು ಅಂಗಳಕ್ಕೆ ಹೋಗಿ ಪಕ್ಕದ ಮನೆಯವರಿಗೂ ಅದನ್ನು ಹೇಳಿ ಬಂದಳು.

ಮೂರನೆಯ ವರ್ಷ, ಕೆಲಸಕ್ಕೆ ಹೊರಟ ತಂಗಿ ಬಸ್ ಸ್ಟಾಪಿನಲ್ಲಿ ಕುಸಿದು ಬಿದ್ದಳು. ಮೆದುಳಿನ ನರ ಒಡೆದು ಅಲ್ಲೇ ತೀರಿಕೊಂಡಳು. ಅವಳ ಜೊತೆಗಾರ್ತಿ ಫೋನಿನಲ್ಲಿ ಅಳುತ್ತ ಹೇಳಿದಾಗ ನಾನು ದೇಹ ತರುವ ವಿಮಾನದ ನಂಬರು ಕೇಳಿ ಬರೆದುಕೊಂಡೆ. ಹತ್ತನೆಯ ದಿನ ದೇಹ ಬಂತು. ಹೊಲದಲ್ಲಿ ಅಪ್ಪನ ಪಕ್ಕ ಮಣ್ಣು ಮಾಡಿದೆವು. ಸೋದರತ್ತೆ ನನ್ನ ಭುಜ ಅಲುಗಿಸಿ, “ಅಳವ್ವಾ, ಒಂದೀಟು ಅತ್ತುಬಿಡು,” ಅಂದಳು. ನಾನು ಬಂದವರಿಗೆ ನೀರು ಕೊಡುತ್ತಿದ್ದೆ.

ತಿಂಗಳಾದ ಮೇಲೆ ಅಜ್ಜಿಯ ಮಗಳು ಇಂಗ್ಲಿಷಿನಲ್ಲಿ ಪತ್ರ ಬರೆದಳು. ದೇಹವನ್ನು ವಿಮಾನಕ್ಕೆ ಕಳಿಸುವ ಮುಂಚೆ ಅವರ ಮನೆಮಂದಿಯೆಲ್ಲ ಇಡೀ ದಿನ ಅದರ ಸುತ್ತ ಕೂತಿದ್ದರಂತೆ. ಅಜ್ಜಿಯನ್ನೂ ಗಾಲಿಕುರ್ಚಿಯಲ್ಲಿ ಕರೆತಂದಿದ್ದರಂತೆ. ಒಬ್ಬಳನ್ನೇ ಬಿಡಲಿಲ್ಲ, ನಿಮ್ಮ ಪರವಾಗಿ ನಾವು ತಂಗಿ ಮಾಡಿದೆವು ಎಂದಿತ್ತು. ಸತ್ತವರ ಬಳಿ ಕೂತು ಅಳುವುದಕ್ಕೆ ಅವರ ಭಾಷೆಯಲ್ಲಿ ತಂಗಿ ಅನ್ನುತ್ತಾರೆ ಎಂದು ಅವಳೇ ವಿವರಿಸಿದ್ದಳು. ಆ ಪದ ನನ್ನ ಬಾಯಿಂದ ಜೋರಾಗಿ ಬಂದುಬಿಟ್ಟಿತು.

ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿದಳು. “ಏನಂದಿ? ತಂಗಿ ಅಂತ ಬರದಾರೇನು?”

“ಹೂಂ.”

“ಅವರೂ ಆಕೀನ ತಂಗಿ ಅಂತಿದ್ರೇನು?”

“ಹೂಂ, ಅವ್ವಾ.”

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ರೊಟ್ಟಿ ಬಡಿದಳು. ಮಾತಾಡಿಸಲು ಬಂದವರಿಗೆಲ್ಲ, ಆಕಿಗೆ ಅಲ್ಲೂ ಅಕ್ಕಂದಿರಿದ್ದರು ಎಂದು ಹೇಳತೊಡಗಿದಳು. ನಾನು ತಿದ್ದಲಿಲ್ಲ.

ಪತ್ರಕ್ಕೆ ಉತ್ತರ ಬರೆದೆ. ನಮ್ಮಲ್ಲಿ ತಂಗಿ ಅಂದರೆ ಯಾರು ಎಂಬುದನ್ನೂ ಬರೆದೆ. ಓದಿ ನೋಡಿದೆ, ಏನೂ ಅನಿಸಲಿಲ್ಲ. ಅಂಚೆಗೆ ಹಾಕಿ ನೇಸರಗಿ ಬಸ್ಸು ಹತ್ತಿದೆ.